ಕಾಲು ಸೋಲುವ ಮೊದಲೇ ಕೂತುಬಿಡಿ: ಜನ ಕಿಕ್ಕಿರಿದ ಥೀಮ್ ಪಾರ್ಕಿನಲ್ಲಿ ಒಂದು ದಿನ

ಬೆಳಗ್ಗೆಯಿಂದ ರಾತ್ರಿಯವರೆಗೆ ದೊಡ್ಡದೊಂದು ಥೀಮ್ ಪಾರ್ಕಿನಲ್ಲಿ ಸುತ್ತಿದರೆ 10 ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತೀರಿ. ಸಂಜೆ ಹೊತ್ತಿಗೆ ಕಾಲು ಸೋತಾಗ ಎಲ್ಲರೂ ದೂರುವುದು ಈ ನಡಿಗೆಯನ್ನೇ. ಆದರೆ ನಿಜವಾಗಿ ಹಿಂಡಿಹಾಕುವುದು ಸಾಲಿನಲ್ಲಿ ನಿಂತ ಹೊತ್ತು. ನಡೆಯುವಾಗ ಮೀನಖಂಡದ ಸ್ನಾಯು ಹೆಜ್ಜೆಗೊಮ್ಮೆ ಬಿಗಿದು ಸಡಿಲವಾಗುತ್ತ, ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೊತ್ತುತ್ತದೆ. ನಿಂತಲ್ಲೇ ನಿಂತಾಗ ಆ ಪಂಪಿಗೆ ಕೆಲಸವಿಲ್ಲ. ಎದ್ದು ನಿಂತ ಮನುಷ್ಯನ ಮೈಯಲ್ಲಿ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆಯ ಕೆಳಭಾಗಕ್ಕೂ ಕಾಲುಗಳಿಗೂ ಇಳಿದಿರುತ್ತದೆ. ಬಿಸಿಲಿದ್ದರೆ ಚರ್ಮದ ರಕ್ತನಾಳಗಳೂ ಹಿಗ್ಗುವುದರಿಂದ ಮೇಲಕ್ಕೆ ಮರಳುವ ರಕ್ತ ಇನ್ನಷ್ಟು ಕಡಿಮೆ. ಪಾದ ಊದುವುದು, ಸೊಂಟ ಹಿಡಿಯುವುದು, ತಲೆ ಹಗುರಾಗಿ ಕಣ್ಣು ಮಂಜಾಗುವುದು ಎಲ್ಲದರ ಮೂಲ ಹೀಗೆ ನಿಂತಲ್ಲೇ ನಿಲ್ಲುವುದರಲ್ಲಿದೆ.

ಹಾಗಾಗಿ ದಿನದ ಯೋಜನೆ ಹಾಕುವಾಗ ಯಾವ ರೈಡ್ ಯಾವಾಗ ಎಂದು ಬರೆದುಕೊಳ್ಳುವಂತೆ ಎಲ್ಲಿ, ಯಾವಾಗ ಕೂರುತ್ತೀರಿ ಎಂಬುದನ್ನೂ ಬರೆದುಕೊಳ್ಳಿ. ಗಂಟೆಗೆ ಒಂದು ಸಲ, ಹೆಚ್ಚೆಂದರೆ ಒಂದೂವರೆ ಗಂಟೆಗೊಮ್ಮೆ, 10 ನಿಮಿಷ ಕೂರಬೇಕು. ಸುಸ್ತಾಗಿಲ್ಲ ಅನ್ನಿಸಿದರೂ ಕೂರಬೇಕು. ಪೂರ್ತಿ ಸೋತ ಮೇಲೆ ಬೆಂಚು ಹುಡುಕಹೊರಟರೆ ಎರಡು ನಷ್ಟ: ಹುಡುಕಾಟಕ್ಕೇ ಇನ್ನಷ್ಟು ನಡೆಯಬೇಕು, ಅಷ್ಟು ದಣಿದ ಕಾಲಿಗೆ 10 ನಿಮಿಷ ಸಾಲುವುದೂ ಇಲ್ಲ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ಅತಿಯೆನ್ನಿಸಬಹುದು, ಆದರೆ ಉತ್ಸಾಹದಲ್ಲಿ ಹೊತ್ತು ಸರಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಕೂರುವ ಜಾಗ ಎಲ್ಲಿ ಸಿಗುತ್ತದೆ

ದಾರಿಗಳು ಸಾವಿರಾರು ಜನರನ್ನೂ, ತುರ್ತು ವಾಹನಗಳನ್ನೂ ಸಾಗಿಸಬೇಕು. ಬೆಂಚು ಹೆಚ್ಚಿದಷ್ಟೂ ದಾರಿ ಕಿರಿದಾಗುತ್ತದೆ. ಆದ್ದರಿಂದ ಮುಖ್ಯ ದಾರಿಯಲ್ಲಿ ಆಸನಗಳು ಕಡಿಮೆ, ಇದ್ದವೂ ಸದಾ ಭರ್ತಿ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಎಲ್ಲರಿಗೂ ಒಂದೇ ಹೊತ್ತಿಗೆ ಕೂರಬೇಕೆನಿಸುವುದು. ಮಧ್ಯಾಹ್ನ 12ರಿಂದ 2ರವರೆಗೆ, ಪಾರ್ಕಿನವರು ನಡೆಸುವ ಮೆರವಣಿಗೆಗೆ ಮುಂಚಿನ ಒಂದು ಗಂಟೆ, ಬಿಸಿಲು ನೆತ್ತಿ ದಾಟಿದ ಮೇಲಿನ ಹೊತ್ತು: ಈ ಮೂರರಲ್ಲಿ ಬೆಂಚಿನ ಆಸೆ ಬಿಡಿ. 11 ಗಂಟೆಗೇ ಊಟ ಮುಗಿಸಿ, ಇಲ್ಲವೇ 2.30ರ ನಂತರಕ್ಕೆ ತಳ್ಳಿ. ಆಗ ಮೇಜು ಸಿಗುತ್ತದೆ, ಹತ್ತು ನಿಮಿಷ ಹೆಚ್ಚು ಕೂತರೂ ತಟ್ಟೆ ಹಿಡಿದು ಕಾಯುವವರಿಗೆ ಅನ್ಯಾಯವಾಗುವುದಿಲ್ಲ. ಮುಂಗಡವಾಗಿ ಮೇಜು ಕಾಯ್ದಿರಿಸುವ ರೆಸ್ಟೋರೆಂಟ್ ಇದ್ದರೆ ಅದು ದುಬಾರಿಯೇ, ಆದರೆ ನೆರಳಿನಲ್ಲಿ ಬೆನ್ನೊರಗಿಸಿ ಒಂದು ಗಂಟೆ ಕೂರುವ ಖಾತ್ರಿ ಅಲ್ಲಿದೆ. ವಯಸ್ಸಾದವರು ಜೊತೆಗಿದ್ದರೆ ಆ ಖರ್ಚು ಸಾರ್ಥಕ.

ಬೆಂಚಿಗಿಂತ ಒಳ್ಳೆಯ ಆಸನ ಕೊಡುವುದು ಪ್ರದರ್ಶನ ಮಂದಿರಗಳು. ನಾಟಕ, ಸಿನಿಮಾ, ಬೊಂಬೆಯಾಟ, ಪ್ರಾಣಿಗಳ ಪ್ರದರ್ಶನ ಯಾವುದೇ ಇರಲಿ, ಆಟ 20 ನಿಮಿಷದ್ದಾದರೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕವರಿಗೆ ಅರ್ಧ ಗಂಟೆಗೂ ಹೆಚ್ಚು ವಿಶ್ರಾಂತಿ. ಪ್ರದರ್ಶನಗಳ ವೇಳಾಪಟ್ಟಿಯನ್ನು ಬೆಳಗ್ಗೆಯೇ ನೋಡಿ, ಅತಿ ಬಿಸಿಲಿನ ಹೊತ್ತಿಗೆ ಒಂದು, ಸಂಜೆಗೆ ಒಂದು ಗುರುತು ಹಾಕಿಕೊಳ್ಳಿ. ಬಾಗಿಲ ಹೊರಗೆ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ಸಿಬ್ಬಂದಿಯನ್ನು ಮೊದಲೇ ಕೇಳಿ. 20 ನಿಮಿಷ ಕೂರಲು 40 ನಿಮಿಷ ನಿಲ್ಲಬೇಕಾದರೆ ಲೆಕ್ಕ ತಪ್ಪಿದಂತೆ. ಪಾರ್ಕನ್ನು ಸುತ್ತುವ ರೈಲು, ನಿಧಾನದ ದೋಣಿ, ಜೈಂಟ್ ವ್ಹೀಲ್ ಇವೂ ಆಸನಗಳೇ. ರೈಲಿನಿಂದ ಇನ್ನೊಂದು ಲಾಭ: ಪಾರ್ಕಿನ ಇನ್ನೊಂದು ತುದಿಗೆ ನಡೆಯದೆ ತಲುಪುತ್ತೀರಿ.

ಜನರ ಕಣ್ಣಿಗೆ ಬೀಳದ ಆಸನಗಳೂ ಇರುತ್ತವೆ. ರೈಡ್‌ಗಳ ಹೊರದಾರಿಯ ಪಕ್ಕ, ರೈಲು ನಿಲ್ದಾಣದ ಕಟ್ಟೆ, ಲಾಕರ್ ಸಾಲಿನ ಹಿಂಬದಿ, ಎರಡು ವಿಭಾಗಗಳ ನಡುವಿನ ತೋಟದ ದಾರಿ, ಮುಂದೆ ರಸ್ತೆಯಿಲ್ಲದ ಕೊನೆಗಳು, ಮಹಡಿಯಿರುವ ಉಪಾಹಾರ ಗೃಹದ ಮೇಲಂತಸ್ತು. ಮಹಡಿಯನ್ನಂತೂ ತಪ್ಪದೆ ನೋಡಿ. ಮೆಟ್ಟಿಲು ಹತ್ತಲು ಸೋಮಾರಿತನ ಪಟ್ಟು ಬಹಳ ಜನ ಕೆಳಗೇ ಜಾಗ ಹುಡುಕುತ್ತಿರುತ್ತಾರೆ. ಮೊದಲ ಎರಡು ಗಂಟೆ ಓಡಾಡುವಾಗ ಇಂಥ ಜಾಗ ಕಂಡಲ್ಲೆಲ್ಲ ನಕ್ಷೆಯ ಮೇಲೆ ಚುಕ್ಕೆ ಇಡಿ, ನೆರಳಿದೆಯೋ ಇಲ್ಲವೋ ಎಂದೂ ಬರೆಯಿರಿ. ಬೆಳಗ್ಗೆ ನೆರಳಿದ್ದ ಕಲ್ಲುಬೆಂಚು ಮಧ್ಯಾಹ್ನ ಮುಟ್ಟಲಾರದಷ್ಟು ಕಾದಿರಬಹುದು. ಲೋಹದ್ದಾದರೆ ಇನ್ನೂ ಬೇಗ ಕಾಯುತ್ತದೆ.

ಮೆರವಣಿಗೆ ನೋಡಲು ನೆಲದ ಮೇಲೇ ಕೂರಬೇಕಾಗಬಹುದು. ಸುಮಾರು 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಮಡಚುವ ಫೋಮ್ ಚಾಪೆಯ ತೂಕ ಗಮನಕ್ಕೂ ಬಾರದು, ಆದರೆ ಗಟ್ಟಿ ನೆಲ, ಬಿಸಿ ನೆಲ, ಒದ್ದೆ ನೆಲ ಮೂರರಿಂದಲೂ ಕಾಪಾಡುತ್ತದೆ. ಏಳುವಾಗ ಒಮ್ಮೆಲೇ ಜಿಗಿದು ಏಳಬೇಡಿ. ಮೊದಲು ಒಂದು ಮಂಡಿಯೂರಿ, ಇನ್ನೊಂದು ಪಾದ ಮುಂದಿಟ್ಟು, ಆ ತೊಡೆಯ ಮೇಲೆ ಕೈಯೊತ್ತಿ ಎದ್ದು, ಎರಡು ಉಸಿರು ನಿಂತು ಆಮೇಲೆ ಹೆಜ್ಜೆಯಿಡಿ. ಮೆರವಣಿಗೆ ಬೇಡವೆಂದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಜನರೆಲ್ಲ ಮೆರವಣಿಗೆಯ ದಾರಿಗೆ ಸೇರಿರುವುದರಿಂದ ಉಳಿದೆಡೆ ಬೆಂಚುಗಳು ಖಾಲಿ, ಸಾಲುಗಳೂ ಗಿಡ್ಡ.

ಸಾಲಿನಲ್ಲಿ ನಿಲ್ಲುವ ಬಗೆ

ಸಾಲಿಗೆ ಸೇರುವ ಮೊದಲು ಸಿಬ್ಬಂದಿಯನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತು, ನೆರಳಿದೆಯೇ, ಮೆಟ್ಟಿಲುಗಳಿವೆಯೇ. ಮಧ್ಯದಲ್ಲಿ ಹೊರಬರುವ ದಾರಿ ಎಲ್ಲಿದೆ ಎಂದೂ ತಿಳಿದುಕೊಳ್ಳಿ. ಕಂಬಿಗಳ ನಡುವೆ ಸಿಕ್ಕಿಕೊಂಡಾಗಲೇ ತಲೆ ಸುತ್ತುವುದು.

ಮಂಡಿಗಳನ್ನು ಹಿಂದಕ್ಕೆ ಬಿಗಿದು ಕಂಬದಂತೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಮಂಡಿ ತುಸು ಸಡಿಲವಿರಲಿ. ಐದು ನಿಮಿಷಕ್ಕೊಮ್ಮೆ ಹಿಮ್ಮಡಿಗಳನ್ನು 15-20 ಸಲ ಮೇಲೆತ್ತಿ ಇಳಿಸಿ, ನಿಂತುಹೋದ ಪಂಪನ್ನು ಕೈಯಾರೆ ಓಡಿಸುವ ಉಪಾಯವಿದು. ಪಕ್ಕದಲ್ಲಿ 10-15 ಸೆಂ.ಮೀ. ಎತ್ತರದ ಕಟ್ಟೆಯೋ ಕಂಬಿಯ ಕೆಳಪಟ್ಟಿಯೋ ಇದ್ದರೆ ಒಂದು ಪಾದವನ್ನು ಅದರ ಮೇಲಿಡಿ, ಎರಡು ನಿಮಿಷಕ್ಕೆ ಕಾಲು ಬದಲಿಸಿ. ಸೊಂಟದ ಬಾಗು ಕಡಿಮೆಯಾಗಿ ಬೆನ್ನಿಗೆ ಹಾಯೆನಿಸುತ್ತದೆ. ಗೋಡೆ ಸಿಕ್ಕರೆ ಒರಗಿ. ಕಂಬಿಯ ಮೇಲೆ, ಸರಪಳಿಯ ಮೇಲೆ ಕೂರಬೇಡಿ, ಅವು ಮನುಷ್ಯನ ಭಾರಕ್ಕೆ ಮಾಡಿದವಲ್ಲ.

ತಣ್ಣನೆ ಬೆವರು, ಹೊಟ್ಟೆ ತೊಳಸು, ಕಿವಿಯಲ್ಲಿ ಗುಂಯ್ ಸದ್ದು, ಕಣ್ಣು ಕತ್ತಲೆ: ಇವು ಎಚ್ಚರ ತಪ್ಪುವ ಮುನ್ಸೂಚನೆ. ಕಾಲುಗಳನ್ನು ಕತ್ತರಿಯಂತೆ ಅಡ್ಡ ಹಾಕಿ ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದರೆ ರಕ್ತದೊತ್ತಡ ಸ್ವಲ್ಪ ಏರಿ ಕೆಲವು ಕ್ಷಣ ಸಿಗುತ್ತವೆ. ಆ ಕ್ಷಣಗಳಲ್ಲೇ ನೆಲಕ್ಕೆ ಕೂತುಬಿಡಿ, ಸಾಧ್ಯವಾದರೆ ಮಲಗಿ ಕಾಲು ಮೇಲಿಡಿ. ಸಾಲು ಕೆಡುತ್ತದೆ, ಯಾರೇನಂದುಕೊಳ್ಳುತ್ತಾರೋ ಎಂದು ಸಂಕೋಚಪಟ್ಟು ನಿಂತೇ ಇದ್ದವರು ಬಿದ್ದು ತಲೆ ಒಡೆದುಕೊಳ್ಳುತ್ತಾರೆ.

ಗುಂಪಿನಲ್ಲಿ ಬಂದಿದ್ದರೆ ಎಲ್ಲರೂ ಎಲ್ಲ ಸಾಲಿನಲ್ಲೂ ನಿಲ್ಲಬೇಕಾಗಿಲ್ಲ. ಸರದಿಯ ಮೇಲೆ ಒಬ್ಬರೋ ಇಬ್ಬರೋ ಚೀಲಗಳೊಂದಿಗೆ ಹೊರಗೆ ಕೂರಲಿ. ಚಿಕ್ಕ ಮಕ್ಕಳಿರುವವರಿಗೆ ಪೋಷಕರು ಸರದಿ ಬದಲಿಸಿಕೊಳ್ಳುವ ಸೌಲಭ್ಯ ಹಲವು ಪಾರ್ಕುಗಳಲ್ಲಿದೆ: ಒಬ್ಬರು ರೈಡ್ ಮುಗಿಸಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗಬಹುದು. ಆರಂಭದಲ್ಲೇ ಕೇಳಬೇಕು, ಸಿಬ್ಬಂದಿ ತಾವಾಗಿ ಹೇಳದಿರಬಹುದು.

ಪಾದಕ್ಕೆ ಏನು, ಚೀಲದಲ್ಲಿ ಏನು

ಹೊಸ ಶೂ ಬೇಡವೇ ಬೇಡ. ಕನಿಷ್ಠ ಎರಡು ವಾರ ಹಾಕಿ ನಡೆದು ಪಳಗಿದ ಜೋಡಿಯೇ ಆಗಬೇಕು. ದಿನವಿಡೀ ನಿಂತಾಗ ಪಾದ ಊದುವುದರಿಂದ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು. ಖರೀದಿಸುವುದಾದರೆ ಸಂಜೆ, ಪಾದ ದೊಡ್ಡದಾಗಿರುವಾಗ ಅಳತೆ ನೋಡಿ. ಮಧ್ಯಾಹ್ನ ಕೂತಾಗ ಲೇಸ್ ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿ. ಪಾದದ ಮೇಲ್ಭಾಗ ಮರಗಟ್ಟುವುದಕ್ಕೆ ಬಿಗಿ ಲೇಸೇ ಕಾರಣವಾಗಿರುವುದು ಬಹಳ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಉಜ್ಜುತ್ತದೆ. ಉಣ್ಣೆ ಬೆರೆತದ್ದೋ, ಬೇಗ ಒಣಗುವ ಸಿಂಥೆಟಿಕ್ ಆದದ್ದೋ ಒಳ್ಳೆಯದು. ಇನ್ನೊಂದು ಒಣ ಜೋಡಿ ಚೀಲದಲ್ಲಿರಲಿ. ಊಟದ ನಂತರ, ನೀರಿನ ರೈಡ್ ಆದ ಮೇಲೆ ಬದಲಿಸಿ. ಎಲ್ಲಾದರೂ ಉರಿ ಕಾಣಿಸಿದರೆ ನೀರುಗುಳ್ಳೆ ಏಳುವವರೆಗೆ ಕಾಯದೆ ಆಗಲೇ ಟೇಪ್ ಅಂಟಿಸಿ. ತೊಡೆ ಉಜ್ಜುವವರು ಬೆಳಗ್ಗೆಯೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಂಡು ಹೊರಡಲಿ.

ಕಾಲು ಬೇಗ ಊದುವವರಿಗೆ 15-20 ಮಿ.ಮೀ. ಪಾದರಸ ಒತ್ತಡದ, ಮಂಡಿಯವರೆಗಿನ ಬಿಗಿ ಕಾಲುಚೀಲ ನೆರವಾಗುತ್ತದೆ. ಬೆಳಗ್ಗೆ ಎದ್ದೊಡನೆ, ಊತ ಬರುವ ಮೊದಲೇ ಹಾಕಬೇಕು. ಕಾಲಿನ ರಕ್ತನಾಳಗಳ ತೊಂದರೆ, ಮಧುಮೇಹದಿಂದ ಪಾದ ಜೋಮು ಇರುವವರು ವೈದ್ಯರನ್ನು ಕೇಳದೆ ಹಾಕಬಾರದು.

ಚೀಲ ಹಗುರವಿರಲಿ, 3 ಕೆ.ಜಿ. ದಾಟದಿರಲಿ, ಎರಡೂ ಹೆಗಲಿಗೆ ಬೀಳಲಿ. ಸಂಜೆಗೆ ಬೇಕಾದ ಸ್ವೆಟರು, ಒಣ ಬಟ್ಟೆ ಲಾಕರಿಗೆ ಹೋಗಲಿ.

ಮಡಚುವ ಸ್ಟೂಲ್ ಒಯ್ಯುವ ಮೊದಲು ಪಾರ್ಕಿನ ನಿಷೇಧಿತ ವಸ್ತುಗಳ ಪಟ್ಟಿ ಓದಿ. ಕೆಲವೆಡೆ ಗೇಟಿನಲ್ಲೇ ತಡೆಯುತ್ತಾರೆ, ಕೆಲವೆಡೆ ಸಾಲಿನೊಳಗೆ ಬಿಡುವುದಿಲ್ಲ. ಮೂರು ಕಾಲಿನದು ಹಗುರ, ಆದರೆ ಇಳಿಜಾರಿನ ಮೇಲೆ, ಹಿಂದಕ್ಕೆ ವಾಲಿದಾಗ ಮಗುಚುತ್ತದೆ. ಸಾಲಿನ ದಾರಿಗಳಲ್ಲಿ ಇಳಿಜಾರು ಬಹಳ. ಎಳೆದು ಉದ್ದ ಮಾಡುವ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಪ್ರತಿ ಉಂಗುರವೂ ತಿರುಗಿ ಲಾಕ್ ಆಗಿದೆಯೇ ನೋಡದೆ ಕೂತರೆ ಕುಸಿಯುತ್ತದೆ. ಮೊಳಕಾಲಿಗಿಂತ ತೀರಾ ತಗ್ಗಾದದ್ದನ್ನು ಮಂಡಿನೋವಿನವರು ಕೊಳ್ಳಬೇಡಿ: ಕೂರಬಹುದು, ಏಳುವುದು ಕಷ್ಟ.

ಬಿಸಿಲಿನಲ್ಲಿ 15-20 ನಿಮಿಷಕ್ಕೊಮ್ಮೆ 200 ಮಿ.ಲೀ.ನಷ್ಟು ನೀರು ಕುಡಿಯಿರಿ. ಒಂದೇ ಸಲ ಬಾಟಲಿ ಖಾಲಿ ಮಾಡುವುದಕ್ಕಿಂತ ಇದು ಒಳ್ಳೆಯದು. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು, ರಕ್ತದ ಉಪ್ಪಿನಂಶ ಇಳಿದು ಅದೇ ಒಂದು ಅಪಾಯ. ಗಂಟೆಗಟ್ಟಲೆ ಬೆವರಿದ್ದರೆ ಉಪ್ಪಿರುವ ತಿಂಡಿಯನ್ನೂ ತಿನ್ನಿ. ಓಆರ್‌ಎಸ್ ಒಯ್ದಿದ್ದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಒಂದು ಲೀಟರಿನ ಪುಡಿಯನ್ನು ಸಣ್ಣ ಬಾಟಲಿಗೆ ಸುರಿಯುವುದು ಜನ ಮಾಡುವ ತಪ್ಪು. ಜೊತೆಯವರು ಗೊಂದಲದ ಮಾತಾಡತೊಡಗಿದರೆ, ಮೈ ಕಾದ ಹಂಚಿನಂತಿದ್ದರೆ ಅದು ದಣಿವಲ್ಲ, ಶಾಖಾಘಾತ. ತುರ್ತು ಸಹಾಯ ಕರೆದು, ನೆರಳಿಗೆ ಸರಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕಿ.

ನಿಲ್ಲಲಾರದವರಿಗೆ

ನಡೆಯಬಲ್ಲವರು ವೀಲ್‌ಚೇರ್ ಬಳಸಬಾರದೆಂಬ ನಿಯಮವೇನೂ ಇಲ್ಲ. ಸಂಧಿವಾತ, ಹೃದಯದ ತೊಂದರೆ, ಎದ್ದು ನಿಂತೊಡನೆ ಎದೆಬಡಿತ ಏರುವ ಕಾಯಿಲೆ ಇರುವವರು, ಗರ್ಭಿಣಿಯರು ನಾಚದೆ ಬಾಡಿಗೆಗೆ ಪಡೆಯಲಿ. ಸಾಲಿನಲ್ಲೂ ಕೂತೇ ಇರಬಹುದು, ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಸಂಖ್ಯೆ ಸೀಮಿತವಾದ್ದರಿಂದ ಗೇಟು ತೆರೆದೊಡನೆ ಮೊದಲು ಆ ಕೌಂಟರಿಗೆ ಹೋಗಿ. ಏಳುವಾಗ ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮಡಚಿ. ಹಲಗೆಯ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ.

ಅತಿಥಿ ಸೇವಾ ಕಚೇರಿಯಲ್ಲಿ ಕಾಯಿಲೆಯ ಹೆಸರಿಗಿಂತ ತೊಂದರೆಯ ಸ್ವರೂಪ ಹೇಳಿ: "ನಡೆಯಬಲ್ಲೆ, ಆದರೆ 10 ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಲಾರೆ." ಸಾಲಿನ ಹೊರಗೆ ಕಾಯಲು ಬಿಡುವುದೋ ಬೇರೆ ದಾರಿಯೋ ಏನಿದ್ದರೂ ಹೇಳಲು ಅವರಿಗೆ ಸುಲಭವಾಗುತ್ತದೆ. ಪ್ರಥಮ ಚಿಕಿತ್ಸಾ ಕೊಠಡಿ ಎಲ್ಲಿದೆಯೆಂದು ಗುರುತಿಟ್ಟುಕೊಳ್ಳಿ. ತೀರಾ ಕೈಲಾಗದಾಗ ಸ್ವಲ್ಪ ಹೊತ್ತು ಮಲಗಲು ಅಲ್ಲಿ ಕೇಳಬಹುದು. ದೀರ್ಘಕಾಲದ ಆಯಾಸದ ಕಾಯಿಲೆಯವರಿಗೆ ಹೊಡೆತ ಅದೇ ದಿನ ಬೀಳುವುದಿಲ್ಲ, ಒಂದೆರಡು ದಿನ ಕಳೆದು ಬೀಳುತ್ತದೆ. ಚೆನ್ನಾಗಿದ್ದೇನೆ ಅನ್ನಿಸುವಾಗಲೇ ಅರ್ಧಕ್ಕೆ ನಿಲ್ಲಿಸಿ, ಮುಂದಿನ ಎರಡು ದಿನ ಖಾಲಿ ಇಟ್ಟುಕೊಳ್ಳಿ.

ರಾತ್ರಿಯ ಪಟಾಕಿ ಪ್ರದರ್ಶನ ಮುಗಿದೊಡನೆ ಎಲ್ಲರೂ ಗೇಟಿಗೆ ನುಗ್ಗುತ್ತಾರೆ. ಹತ್ತು ನಿಮಿಷ ಮೊದಲೇ ಹೊರಡಿ, ಇಲ್ಲವೇ ಸಿಬ್ಬಂದಿ ಎಬ್ಬಿಸುವವರೆಗೆ ಕೂತಲ್ಲೇ ಕೂತಿರಿ. ಆಗ ಬೆಂಚುಗಳಿಗೆ ಬರವಿಲ್ಲ. ಪಾರ್ಕಿಂಗ್ ಜಾಗದವರೆಗಿನ ನಡಿಗೆ, ಬಸ್ಸಿನ ಸಾಲು ಇನ್ನೂ ಬಾಕಿ ಇರುತ್ತದೆ, ಅದಕ್ಕೆ ಬೇಕಾದಷ್ಟು ಶಕ್ತಿ ಉಳಿಸಿಕೊಂಡೇ ಕೊನೆಯ ರೈಡ್ ಯಾವುದೆಂದು ನಿರ್ಧರಿಸಿ. ಕೋಣೆಗೆ ಬಂದ ಮೇಲೆ ಗೋಡೆಗೆ ಕಾಲು ಚಾಚಿ 15 ನಿಮಿಷ ಮಲಗಿ, ಮೀನಖಂಡವನ್ನು ಎರಡೂ ಕಡೆ 30 ಸೆಕೆಂಡಿನಂತೆ ಮೂರು ಸಲ ಹಿಗ್ಗಿಸಿ. ಶೂಗಳೊಳಗಿನ ಅಟ್ಟೆ ತೆಗೆದು ಗಾಳಿಗೆ ಇಡಿ, ನಾಳೆಯೂ ಹೋಗುವುದಿದ್ದರೆ ಒದ್ದೆ ಶೂ ಹಾಕುವಂತಾಗಬಾರದು.