ಚಿಕ್ಕ ಸುತ್ತಿನಿಂದ ಶುರುಮಾಡಿ: ಸಹಾಯಾರ್ಥ ಸೈಕಲ್ ಸವಾರಿಗೆ ಹಳ್ಳಿದಾರಿ ಹೊಂದಿಸುವುದು

ಸಹಾಯಾರ್ಥ ಸವಾರಿಗೆ ರೂಟ್ ಹಾಕುವಾಗ ನಾನು ಮೊದಲು ಕೂರುವುದು 15 ಕಿ.ಮೀ. ಸುತ್ತಿನ ಮುಂದೆ. 40 ಮತ್ತು 80 ಕಿ.ಮೀ. ಸುತ್ತುಗಳು ಅದಕ್ಕೆ ಅಂಟಿಕೊಂಡು ಬೆಳೆಯಬೇಕು. ಉದ್ದದ ದಾರಿ ಮೊದಲು ಮಾಡಿ ಆಮೇಲೆ ಕತ್ತರಿಸಿದರೆ, ಅಡ್ಡ ಸೇರಿಸಲು ಸಿಗುವುದು ಸಾಮಾನ್ಯವಾಗಿ ಲಾರಿ ಓಡಾಡುವ ರಸ್ತೆ. ಅದು ಹೋಗಿ ಬೀಳುವುದು ಮಕ್ಕಳ ಮತ್ತು ಹೊಸಬರ ಪಾಲಿಗೆ.

ಏರಿನ ವಿಷಯದಲ್ಲಿ ಸರಾಸರಿ ನಂಬಬೇಡಿ. 300 ಮೀಟರ್ ಉದ್ದದ, ಶೇ 9ರ ಒಂದು ಏರು ಸೇರಿಸಿದರೆ ಒಟ್ಟು ಹತ್ತುವಿಕೆ ಹೆಚ್ಚುವುದು ಬರೀ 27 ಮೀಟರ್. ಕಾಗದದಲ್ಲಿ ರೂಟ್ ಸಪಾಟಾಗಿಯೇ ಕಾಣುತ್ತದೆ. ಆದರೆ ಸೈಕಲ್ ಸೇರಿ 95 ಕೆ.ಜಿ. ತೂಗುವವರು ಶೇ 8ರ ಏರನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲೂ 130 ವ್ಯಾಟ್ ಹತ್ತಿರ ಶಕ್ತಿ ಬೇಕು. ಅದಕ್ಕಿಂತ ನಿಧಾನವಾದರೆ ಹ್ಯಾಂಡಲ್ ಓಲಾಡಿ ಕಾಲು ನೆಲಕ್ಕೆ ಬರುತ್ತದೆ. ಚಿಕ್ಕ ಸುತ್ತಿನಲ್ಲಿ ಶೇ 5 ದಾಟುವ ಏರು ನಾನು ಇಡುವುದಿಲ್ಲ.

ದಾರಿ ನೋಡಲು ಕಾರಲ್ಲಿ ಹೋದರೆ ಪ್ರಯೋಜನವಿಲ್ಲ, ಸೈಕಲಲ್ಲೇ ಹೋಗಬೇಕು. ಅದೂ ಸವಾರಿ ನಡೆಯುವ ವಾರದ ದಿನ, ಅದೇ ಹೊತ್ತಿಗೆ. ಇಳಿಜಾರಿನ ಬುಡದಲ್ಲಿ ತಿರುವು, ಆ ತಿರುವಿನಲ್ಲಿ ಜಲ್ಲಿ: ಇದು ಕಂಡರೆ ಇಡೀ ಸುತ್ತನ್ನೇ ಉಲ್ಟಾ ದಿಕ್ಕಿಗೆ ತಿರುಗಿಸಿ ನೋಡಿ. ಇಳಿಜಾರು ಏರಾಗುತ್ತದೆ, ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ಮೂರು ಗಾಲಿಯ ಸೈಕಲ್, ಕೈಯಿಂದ ತುಳಿಯುವ ಹ್ಯಾಂಡ್‌ಸೈಕಲ್‌ಗಳ ಅಗಲ 80 ಸೆ.ಮೀ. ಆಸುಪಾಸು. ವಾಹನ ತಡೆಯಲು ನೆಟ್ಟ ಕಂಬಗಳ ನಡುವೆ ಟೇಪ್ ಹಿಡಿದು ಅಳೆಯಿರಿ, ಒಂದು ಮೀಟರಾದರೂ ಬೇಕು. ರಸ್ತೆ ಅಂಚಿಗೆ ತೀರಾ ವಾಲಿದ್ದರೂ ಮೂರು ಗಾಲಿಯವರಿಗೆ ಕಷ್ಟ. ಎರಡು ಗಾಲಿಯ ಮೇಲೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ.

ಪ್ರತಿ ತಿರುವಿಗೆ ಮೂರು ಬಾಣ: 50 ಮೀಟರ್ ಮೊದಲು ಒಂದು, ತಿರುವಿನಲ್ಲೇ ಒಂದು, ದಾಟಿದ ಮೇಲೆ "ಸರಿ, ಇದೇ ದಾರಿ" ಅನ್ನಲು ಇನ್ನೊಂದು. ಇಳಿಜಾರಿನಲ್ಲಿ 50 ಮೀಟರ್ ಸಾಲದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ದೂರ ನಾಲ್ಕೂವರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಅಲ್ಲಿ 150 ಮೀಟರ್ ಮೊದಲೇ ಕಟ್ಟಿ. ಜನ ಹೆಚ್ಚು ದಾರಿ ತಪ್ಪುವುದು ಸುತ್ತುಗಳು ಕವಲೊಡೆಯುವ ಜಾಗದಲ್ಲಿ. ಮುಂದಿನವರ ಬೆನ್ನು ನೋಡಿಕೊಂಡು ಹೋಗುವವರು ಬೋರ್ಡ್ ಓದುವುದಿಲ್ಲ, ಹಾಗಾಗಿ ಅಲ್ಲಿ ಒಬ್ಬರು ನಿಂತಿರಲೇಬೇಕು. ಕೆಂಪು-ಹಸಿರು ಬಣ್ಣದಿಂದ ದಾರಿ ಬೇರ್ಪಡಿಸಬೇಡಿ, ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. 15, 40, 80 ಅಂತ ದಪ್ಪಗೆ ಬರೆದರೆ ಸಾಕು. ಬಾಣ ತಿರುಗಿಸಿಟ್ಟು ಮಜಾ ನೋಡುವವರೂ ಇರುತ್ತಾರೆ. ಸವಾರಿಯ ಬೆಳಿಗ್ಗೆ ಒಬ್ಬರು ಇಡೀ ದಾರಿ ನೋಡಿಕೊಂಡು ಬರಲಿ.

ಹೊರಡುವ ಸಮಯದಲ್ಲಿ ಒಂದು ಲೆಕ್ಕವಿದೆ. 80ರವರು 6.30ಕ್ಕೆ, 15ರವರು 7ಕ್ಕೆ, 40ರವರು 7.30ಕ್ಕೆ. ಗಂಟೆಗೆ 10 ಕಿ.ಮೀ. ಹೋಗುವ ಮಕ್ಕಳು 8.30ಕ್ಕೆ ವಾಪಸ್. 80ರಲ್ಲಿ ಗಂಟೆಗೆ 30ರಂತೆ ತುಳಿದವರೂ 9.10ಕ್ಕೆ ಮೊದಲು ಬರಲಾರರು. ಕೊನೆಯ ಕಿರುದಾರಿಯಲ್ಲಿ ಈ ಎರಡು ಗುಂಪು ಎದುರಾಗದಂತೆ ನೋಡಿಕೊಳ್ಳುವುದೇ ಇದರ ಗುಟ್ಟು. ಆರಂಭದಲ್ಲಿ ಮೂವರೂ ಒಟ್ಟಿಗೆ ಹೋಗುವ ದಾರಿ 4 ಕಿ.ಮೀ. ಮೀರದಿದ್ದರೆ, 40ರವರು ಹೊರಡುವಷ್ಟರಲ್ಲಿ ಮಕ್ಕಳು ಅದನ್ನು ದಾಟಿರುತ್ತಾರೆ.

ನೀರಿನ ನಿಲ್ದಾಣ 20 ಕಿ.ಮೀ.ಗೊಂದು, ಚಿಕ್ಕ ಸುತ್ತಿನಲ್ಲಿ ನಡುಮಧ್ಯೆ ಒಂದು. ರಿಪೇರಿ ಚೀಲದಲ್ಲಿ 20, 24, 26 ಇಂಚಿನ ಟ್ಯೂಬ್ ಇರಲಿ, ಬರೀ 700ಸಿ (ದೊಡ್ಡವರ ರಸ್ತೆ ಸೈಕಲ್‌ನ ಅಳತೆ) ತುಂಬಿಕೊಂಡು ಹೋದರೆ ಮಕ್ಕಳ ಸೈಕಲ್ ಪಂಕ್ಚರ್ ಆದಾಗ ಕೈಚೆಲ್ಲಬೇಕು. ಪಂಪ್ ತೆಳುವಾದ ಪ್ರೆಸ್ಟಾ, ದಪ್ಪಗಿನ ಶ್ರೇಡರ್ ಎರಡೂ ವಾಲ್ವ್‌ಗೆ ಕೂರಬೇಕು.

ಕೊನೆಯ ಸವಾರರ ಹಿಂದೆ ಕತ್ತರಿ ಹಿಡಿದು ಒಬ್ಬರು ಬಾಣ ಬಿಚ್ಚಿ ಎಣಿಸುತ್ತಾ ಬರಲಿ. ಬಿಟ್ಟುಹೋದ ಬಾಣ ಮುಂದಿನ ವಾರ ಇನ್ಯಾರದೋ ಸವಾರಿಯ ದಾರಿ ತಪ್ಪಿಸುತ್ತದೆ.