ತೀರಿಕೊಂಡವರ ಹೆಸರಿನಲ್ಲಿ ಉಳಿದ ಕರೆಂಟ್ ಬಾಕಿಯನ್ನು ತೀರಿಸುವ ಬಗೆ

ಮನೆಯ ಹಿರಿಯರು ತೀರಿಕೊಂಡು, ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ಮೇಲೆ ಮೀಟರ್ ಪೆಟ್ಟಿಗೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಬಿಲ್ಲುಗಳ ಕಡೆಗೆ ಯಾರದಾದರೂ ಕಣ್ಣು ಹೋಗುತ್ತದೆ. ಗುಬ್ಬಿ, ತುರುವೇಕೆರೆ, ಶಿರಾ ಕಡೆಯ ಊರುಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ಹಳೆಯ ಮನೆಗೆ ಬೀಗ ಬಿದ್ದಿರುವುದು ಸಾಮಾನ್ಯವಾದ್ದರಿಂದ, ಹೀಗೆ ಬೆಳೆದು ನಿಂತ ಬಾಕಿಯೂ ಸಾಮಾನ್ಯವೇ. ಮರ್ಯಾದೆಗೆ ಅಂಜಿ ಅದೇ ದಿನ ಫೋನಿನಲ್ಲಿ ಪೂರ್ತಿ ಹಣ ಕಟ್ಟಿಬಿಡುವವರು ಕೆಲವರು; ‘ಅವರೇ ಇಲ್ಲವಲ್ಲ, ಯಾರನ್ನು ಕೇಳುತ್ತಾರೆ’ ಎಂದು ಬಿಲ್ಲನ್ನು ಅಲ್ಲಿಯೇ ಬಿಟ್ಟು ಬರುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ನಮ್ಮ ದೊಡ್ಡಪ್ಪನ ಮನೆಯ ಬಾಕಿಯನ್ನು ನಾನೂ ನನ್ನ ಅಣ್ಣನೂ ಒಬ್ಬರಿಗೊಬ್ಬರು ಹೇಳದೆ ಒಂದೇ ವಾರದಲ್ಲಿ ಎರಡು ಸಲ ಕಟ್ಟಿದ್ದೆವು; ಹೆಚ್ಚಾದ ಹಣ ಮುಂದಿನ ಬಿಲ್ಲುಗಳಿಗೆ ಜಮೆಯಾಯಿತಾದರೂ, ಬೀಗ ಹಾಕಿದ ಮನೆಗೆ ಅದು ಕರಗಲು ಬಹಳ ಕಾಲ ಹಿಡಿಯಿತು. ಆದ್ದರಿಂದ ಕಟ್ಟುವವರು ಯಾರೆಂದು ಮನೆಯವರು ಮೊದಲೇ ಮಾತಾಡಿಕೊಳ್ಳಬೇಕು.

ಹಣ ಕಟ್ಟುವ ಮುನ್ನ ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ ಮತ್ತು ಹತ್ತು ಅಂಕಿಗಳ ಖಾತೆ ಸಂಖ್ಯೆಯನ್ನು ಬರೆದುಕೊಂಡು ಬೆಸ್ಕಾಂನ ಉಪವಿಭಾಗ ಕಚೇರಿಗೆ ಹೋಗಿ, ಆ ಸ್ಥಾವರದ, ಎಂದರೆ ಆ ಮೀಟರ್ ಸಂಪರ್ಕದ, ಲೆಡ್ಜರ್ (ಬಿಲ್ಲು ಮತ್ತು ಪಾವತಿಗಳ ಲೆಕ್ಕ) ಪ್ರತಿಯನ್ನು ಅರ್ಜಿ ಬರೆದು ಕೇಳಬೇಕು. ಬಿಲ್ಲಿನ ಕೆಳಗೆ ಕಾಣುವ ಒಟ್ಟು ಮೊತ್ತದಲ್ಲಿ ಅವರು ಬದುಕಿದ್ದಾಗ ಬಳಸಿದ ವಿದ್ಯುತ್ತಿನ ಬೆಲೆ, ಅನಂತರ ಮನೆ ಖಾಲಿಯಿದ್ದರೂ ಮಂಜೂರಾದ ಲೋಡಿನ ಮೇಲೆ ತಿಂಗಳು ತಿಂಗಳು ಬಿದ್ದ ನಿಗದಿತ ಶುಲ್ಕ, ಬಾಕಿಯ ಮೇಲಿನ ಬಡ್ಡಿ, ಬಾಗಿಲು ಹಾಕಿದ್ದರಿಂದ ಮೀಟರ್ ಓದಲಾಗದೆ ಸರಾಸರಿ ಲೆಕ್ಕದಲ್ಲಿ ಬರೆದ ಯೂನಿಟ್‌ಗಳು ಎಲ್ಲವೂ ಕಲಸಿಹೋಗಿರುತ್ತವೆ. ಲೆಡ್ಜರನ್ನು ಮುಂದಿಟ್ಟುಕೊಂಡು ಮೀಟರಿನ ಈಗಿನ ಅಂಕಿಯ ಫೋಟೊದೊಡನೆ ಹೋಲಿಸಿದರೆ, ಸರಾಸರಿಯ ಹೆಸರಿನಲ್ಲಿ ಹೆಚ್ಚು ಬಿದ್ದದ್ದು ಎಷ್ಟೆಂಬುದು ತಿಳಿಯುತ್ತದೆ. ತಗ್ಗಿಸಿ ಎಂದು ಕೇಳಲು ನಿಮಗೆ ನಿಜವಾದ ಆಧಾರವಿರುವುದು ಬಹುಮಟ್ಟಿಗೆ ಇದೊಂದೇ ಭಾಗದಲ್ಲಿ. ನಿಗದಿತ ಶುಲ್ಕದ ಬಗ್ಗೆ ವಾದ ಮಾಡಿ ಪ್ರಯೋಜನವಿಲ್ಲ.

ಈ ಬಾಕಿ ಯಾರ ತಲೆಗೆ ಎಂಬ ಪ್ರಶ್ನೆಗೆ ಎರಡು ಮುಖಗಳಿವೆ. ಅಪ್ಪನ ಸಾಲವನ್ನು ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಮಗನಿಂದ ವಸೂಲು ಮಾಡುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ವಾರಸುದಾರರ ಹೊಣೆ ಅವರ ಕೈಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಆದರೆ ಆ ಮನೆಯೇ ನಿಮ್ಮ ಪಾಲಿಗೆ ಬಂದಿದ್ದರೆ ಈ ಮಾತು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ವಿದ್ಯುತ್ ಸರಬರಾಜಿನ ನಿಯಮಗಳಲ್ಲಿ ಅವಕಾಶವಿದ್ದರೆ, ಹಿಂದಿನವರ ಬಾಕಿ ತೀರಿಸಿದ ಮೇಲೆಯೇ ಅದೇ ಜಾಗಕ್ಕೆ ಹೊಸ ಸಂಪರ್ಕ ಕೊಡುತ್ತೇವೆಂದು ಕಂಪನಿ ಹೇಳಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿದೆ. ಎರಡು ವರ್ಷ ಕಳೆದರೆ ಬಾಕಿ ಬಿದ್ದುಹೋಗುತ್ತದೆ ಎಂಬ ಅರಳಿಕಟ್ಟೆಯ ಮಾತನ್ನೂ ಪೂರ್ತಿ ನಂಬಬೇಡಿ. ವಿದ್ಯುತ್ ಕಾಯ್ದೆ 2003ರ 56ನೇ ಕಲಮಿನಲ್ಲಿ ಎರಡು ವರ್ಷದ ಮಿತಿ ಇರುವುದು ನಿಜವಾದರೂ, ಹಿಂಬಾಕಿಯನ್ನು ಪ್ರತಿ ಬಿಲ್ಲಿನಲ್ಲಿಯೂ ತೋರಿಸುತ್ತ ಬಂದಿದ್ದರೆ ಆ ಮಿತಿ ಅಡ್ಡಬರುವುದಿಲ್ಲ.

ಅದೇ ಕಲಮು ಗ್ರಾಹಕರಿಗೂ ಆಸರೆ ಕೊಡುತ್ತದೆ. ಲೈನ್ ಕಿತ್ತುಹಾಕುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಲೇಬೇಕು. ಮೊತ್ತದ ಬಗ್ಗೆ ತಕರಾರಿದ್ದರೆ, ಕೇಳಿದ ಪೂರ್ತಿ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಬರುವ ಹಣ, ಇವೆರಡರಲ್ಲಿ ಕಡಿಮೆಯದನ್ನು ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದುಕೊಟ್ಟು ಕಟ್ಟಿದರೆ, ತಕರಾರು ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಒಮ್ಮೆಗೇ ಕಟ್ಟಲಾಗದವರು ಕಂತು ಕೊಡಿ ಎಂದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಅರ್ಜಿ ಕೊಡಬಹುದು. ಯಾವ ಅರ್ಜಿಯೇ ಆಗಲಿ, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಬಾಕಿ ತೀರಿದ ಕೂಡಲೇ ಹೆಸರು ಬದಲಾಯಿಸಿಕೊಳ್ಳುವುದು ಒಳ್ಳೆಯದು. ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷ, ಮನೆಯ ಖಾತೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ, ಛಾಪಾ ಕಾಗದದ ಮೇಲಿನ ಮುಚ್ಚಳಿಕೆ ಇವನ್ನು ಹೊಂದಿಸಿಟ್ಟುಕೊಂಡು ಹೊರಡಬೇಕು. ಇವುಗಳಲ್ಲಿ ತಡವಾಗುವುದು ಒಪ್ಪಿಗೆಯೇ, ಏಕೆಂದರೆ ಮೀಟರ್ ಒಬ್ಬರ ಹೆಸರಿಗೆ ಹೋದರೆ ಮನೆಯೂ ಹೋದಂತೆ ಎಂದು ಅಕ್ಕತಂಗಿಯರಿಗೂ ದಾಯಾದಿಗಳಿಗೂ ಅನುಮಾನ ಬರುತ್ತದೆ. ಕರೆಂಟ್ ಬಿಲ್ಲು ಒಡೆತನದ ಪತ್ರವಲ್ಲ ಎಂಬುದನ್ನು ಮುಂಚಿತವಾಗಿ ಎಲ್ಲರಿಗೂ ತಿಳಿಹೇಳಿದರೆ ಸಹಿ ಬೇಗ ಬೀಳುತ್ತದೆ. ಗೃಹಜ್ಯೋತಿ ನೋಂದಣಿ ತೀರಿಕೊಂಡವರ ಆಧಾರ್‌ಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿ, ಅಲ್ಲಿ ವಾಸವಿರುವವರ ಹೆಸರಿನಲ್ಲಿ ಮತ್ತೆ ನೋಂದಾಯಿಸಬೇಕು. ಮನೆಯಲ್ಲಿ ಯಾರೂ ಇರುವುದಿಲ್ಲವೆಂದಾದರೆ, ನಿಗದಿತ ಶುಲ್ಕ ಬೆಳೆಯಲು ಬಿಡದೆ ಸಂಪರ್ಕವನ್ನೇ ಹಿಂದಿರುಗಿಸುವ ಅರ್ಜಿ ಕೊಟ್ಟು, ಹಿರಿಯರು ಹಿಂದೆ ಕಟ್ಟಿದ್ದ ಠೇವಣಿಯನ್ನು ಬಾಕಿಗೆ ವಜಾ ಮಾಡಿಕೊಳ್ಳಿ ಎಂದು ಕೇಳಬಹುದು.

ನೀರಿನ ಬಾಕಿಯ ದಾರಿ ಬೇರೆ. ತುಮಕೂರಿನಲ್ಲಿ ಮಹಾನಗರ ಪಾಲಿಕೆಯಲ್ಲಿ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಖಾತೆ ಬದಲಾವಣೆಗೆ ಹೋದಾಗಲೇ ಕಂದಾಯದ ಜೊತೆಗೆ ಅದನ್ನೂ ಮುಗಿಸಿಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಉಪವಿಭಾಗದಲ್ಲಿ ಕೆಲಸವಾಗದಿದ್ದರೆ ಮೊದಲು 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅದರ ಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅಲ್ಲಿಯೂ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಈ ಎರಡು ಕಡೆಗಳಲ್ಲಿಯೂ ಮೊದಲು ನೋಡುವುದು ಆ ಲೆಡ್ಜರ್ ಪ್ರತಿಯನ್ನು ಮತ್ತು ಮೊಹರು ಬಿದ್ದ ಅರ್ಜಿಯನ್ನು.