ಕಾನಿನ ಬೀಜ ಬಿಸಿಲಿಗೆ ಹಾಕಬೇಡಿ

ಮಲೆನಾಡಿನಲ್ಲಿ ಪ್ರತಿ ಮಳೆಗಾಲ ಇದೇ ಕತೆ. ಹಾಳುಬಿದ್ದ ಬೆಟ್ಟದಲ್ಲಿ ಮತ್ತೆ ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು, ಬೆಳೆಸುವ ಆಸೆಯಿಂದ ಬೀಜ ಆರಿಸಿ ತರುತ್ತಾರೆ. ಅಡಿಕೆ ಹರವಿದ ಹಾಗೆ ಅಂಗಳದಲ್ಲಿ ಹರವಿ, ಒಣಗಿಸಿ, ಡಬ್ಬಿಗೆ ತುಂಬುತ್ತಾರೆ. ಮುಂದಿನ ವರ್ಷ ಬಿತ್ತಿದರೆ ಒಂದೂ ಹುಟ್ಟುವುದಿಲ್ಲ.

ಮೊದಲು ಜಾಗ. ಹಿಂದೆ ಕಾಡಿದ್ದು ಹಾಳಾದ ಕಡೆ ಮಾತ್ರ ನೆಡಿ. ಕುದುರೆಮುಖದ ಹುಲ್ಲುಗಾವಲು ಬೋಳುಗುಡ್ಡವಲ್ಲ, ಅದು ಇರಬೇಕಾದದ್ದೇ ಹಾಗೆ.

ಆಮೇಲೆ ಬೀಜ. ಹತ್ತಿರದ ಕಾನಿನ ಎಂಟು-ಹತ್ತು ಮರಗಳಿಂದ ಸ್ವಲ್ಪ ಸ್ವಲ್ಪ ಆರಿಸಿ. ಒಂದೇ ಮರದ ಬುಡ ಬಳಿಯಬೇಡಿ, ರಾಮಪತ್ರೆ ಮರದ ಹಣ್ಣು ಮಂಗಟ್ಟೆ ಹಕ್ಕಿಗೂ ಬೇಕು. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಕೇಳಿ.

ಎಡವುವುದು ಇಲ್ಲಿಂದ ಮುಂದೆ. ಭತ್ತ, ಅವರೆ ಒಣಗಿದರೂ ಬದುಕಿರುತ್ತವೆ. ಹೊನ್ನೆ, ಬೀಟೆಯೂ ಅಷ್ಟೆ. ಆದರೆ ಸಾಲುಧೂಪ, ರಾಮಪತ್ರೆ, ಹೆಬ್ಬಲಸಿನ ಬೀಜಕ್ಕೆ ಕಾಯುವ ಅಭ್ಯಾಸವಿಲ್ಲ. ಒದ್ದೆ ನೆಲಕ್ಕೆ ಬಿದ್ದು ಕೂಡಲೇ ಮೊಳೆಯುವ ಜಾತಿ ಅವು, ಒಳಗಿನ ನೀರು ಆರಿದರೆ ಸತ್ತ ಹಾಗೆ. ತಂದ ದಿನವೇ ಹಣ್ಣಿನ ತಿರುಳು, ರಾಮಪತ್ರೆಯಾದರೆ ಬೀಜಕ್ಕೆ ಸುತ್ತಿದ ಪತ್ರೆ ಬಿಡಿಸಿ ತೊಳೆಯಿರಿ. ಇಲ್ಲದಿದ್ದರೆ ಬೂಸಲು ಬರುತ್ತದೆ. ಅವತ್ತೇ ಬಿತ್ತಲಾಗದಿದ್ದರೆ ಒದ್ದೆ ಗೋಣಿಯಲ್ಲಿ ಸಡಿಲವಾಗಿ ಸುತ್ತಿ ನೆರಳಲ್ಲಿಡಿ, ಅದೂ ಒಂದೆರಡು ದಿನ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟಿ ಕೊಳೆಯುತ್ತವೆ. ಫ್ರಿಜ್ ಅಂತೂ ಬೇಡವೇ ಬೇಡ, ಆ ಚಳಿ ಇವಕ್ಕೆ ಆಗದು. ನೆರಳಿನ ಮರಳು ಪಾತಿಯಲ್ಲಿ ಅಡ್ಡ ಮಲಗಿಸಿ, ತೆಳ್ಳಗೆ ಮರಳು ಮುಚ್ಚಿ. ರಾಮಪತ್ರೆ ಮೊಳೆಯಲು ವಾರಗಟ್ಟಲೆ ಬೇಕು. ದಿನಾ ಕೆದಕಿ ನೋಡುವ ಚಪಲ ಬಿಡಿ! ಬೇರು ಬರಿಸುವ ಪುಡಿ ಹಾಕಿ ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ. ಅದು ಕಡ್ಡಿ ನೆಡುವವರಿಗೆ, ಬೀಜಕ್ಕೆ ಸುಮ್ನೆ ದಂಡ.

ಮೊಳೆತದ್ದನ್ನು ಉದ್ದನೆಯ ಚೀಲಕ್ಕೆ ಹಾಕಿ. ಗಿಡ್ಡ ಚೀಲ ಅಗ್ಗ ನಿಜ, ಆದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ ಸಸಿಯನ್ನು ನಾನಂತೂ ನೆಡುವುದಿಲ್ಲ.

ಮಳೆ ಹಿಡಿದ ಮೇಲೆ ಜೂನ್-ಜುಲೈನಲ್ಲಿ ನೆಟ್ಟರಾಯಿತು. ಬಯಲಾದರೆ ಚಂದಕಲಿನಂಥ ಬಿಸಿಲು ತಡೆಯುವ ಗಿಡ ಮೊದಲು, ರಾಮಪತ್ರೆ ಅದರ ನೆರಳಿಗೆ.

ನೆಟ್ಟು ಫೋಟೊ ತೆಗೆಸಿಕೊಂಡು ಹೋದರೆ ಲಂಟಾನ ಕಳೆ ಸಸಿಯನ್ನು ನುಂಗಿಬಿಡುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು ಚಹಾ ತೋಟಗಳ ನಡುವಿನ ಕಾಡಿನ ತುಂಡುಗಳಲ್ಲಿ ಸ್ಥಳೀಯ ಜಾತಿಯ ಸಸಿ ನೆಡುತ್ತಾ ಎರಡು ದಶಕ ದಾಟಿದೆ. ಅಲ್ಲೂ ಕಳೆ ತೆಗೆಯುವ ಕೆಲಸ ತಪ್ಪಿಲ್ಲ. ನೀವು ಮೂರು ವರ್ಷವಾದರೂ ಕಳೆ ಸವರಿಸಿ. ಪ್ರತಿ ಸಸಿಯ ಪಕ್ಕ ಸುಣ್ಣ ಬಳಿದ ಬಿದಿರು ಗೂಟ ಹುಗಿಯಿರಿ, ಇಲ್ಲದಿದ್ದರೆ ಕತ್ತಿ ಹಿಡಿದವರು ಕಳೆಯ ಜೊತೆ ಅದನ್ನೂ ಸವರಿಬಿಡುತ್ತಾರೆ.